ಕ್ಯಾಲಿಯೋಪಿ, ಮುಕ್ಕಾಮ್ ಪೋಸ್ಟ್ ರೋಣ

ಬಸ್ಸಿನಲ್ಲಿ ಪಕ್ಕ ಕೂತವರು ಹೆಸರು ಕೇಳಿದರೆ ನಾನು ಕಿಟಕಿಯ ಹೊರಗೆ ನೋಡುತ್ತೇನೆ. ಜಂಬದಿಂದಲ್ಲ, ಹೆಸರು ಹೇಳಿದ ಮೇಲೆ ಏನಾಗುತ್ತದೆ ಎಂಬುದು ಗೊತ್ತಿರುವುದರಿಂದ. ಮೊದಲು ಅವರು ಇನ್ನೊಮ್ಮೆ ಹೇಳಿಸುತ್ತಾರೆ. ಆಮೇಲೆ, "ಕ್ರಿಶ್ಚಿಯನ್ನರೇನ್ರಿ?" ಎನ್ನುತ್ತಾರೆ. ಅಲ್ಲ ಎಂದರೆ, "ಮತ್ತ ಹ್ಯಾಂಗ?" ಎನ್ನುತ್ತಾರೆ. ಆ 'ಮತ್ತ ಹ್ಯಾಂಗ'ಕ್ಕೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ರೋಣ ಬಿಟ್ಟ ಬಸ್ಸು ಗಜೇಂದ್ರಗಡ ಮುಟ್ಟಿರುತ್ತದೆ. ವಾರಕ್ಕೆ ಒಂದಾದರೂ ಇಂಥದ್ದು ಆಗದಿದ್ದರೆ ಈಗ ನನಗೇ ಏನೋ ಮರೆತಂತೆ ಅನಿಸುತ್ತದೆ.

ನನ್ನ ಹೆಸರು ಕ್ಯಾಲಿಯೋಪಿ. ಗ್ರೀಕರ ಪುರಾಣದ ದೇವತೆಯೊಬ್ಬಳ ಹೆಸರು. ಅವರ ಭಾಷೆಯಲ್ಲಿ 'ಕಲ್ಲೋಸ್' ಎಂದರೆ ಚೆಲುವು, 'ಓಪ್ಸ್' ಎಂದರೆ ದನಿ. ಎರಡೂ ಕೂಡಿದರೆ ಚೆಲುವಾದ ದನಿಯವಳು. ದೊಡ್ಡ ದೊಡ್ಡ ಕಾವ್ಯ ಕಟ್ಟುವ ಕವಿಗಳು ಮೊದಲು ಇವಳನ್ನು ನೆನೆದು ಆಮೇಲೆ ಬಾಯಿ ತೆಗೆಯುತ್ತಿದ್ದರಂತೆ. ಇಂಥ ಹೆಸರು ಹೊತ್ತ ನನ್ನ ದನಿ ಹೇಗಿದೆಯೆಂದರೆ, ಇನ್ನೊಂದು ರೊಟ್ಟಿ ಬೇಕೆಂದು ನಾನು ಕೇಳಿದ್ದು ಯಾರಿಗೂ ಕೇಳಿಸದೆ ಎಷ್ಟೋ ಸಲ ಅರ್ಧ ಹೊಟ್ಟೆಯಲ್ಲಿ ಎದ್ದಿದ್ದೇನೆ.

ಇಪ್ಪತ್ತೈದು ವರ್ಷ ಈ ಹೆಸರಿನ ಮೇಲೆ ನನಗೆ ಸಿಟ್ಟಿತ್ತು. ಹೋದ ವರ್ಷ ನರಗುಂದದ ಮನೆಯೊಂದರಲ್ಲಿ ನನ್ನ ಮದುವೆ ಗಟ್ಟಿಯಾಯಿತು. ಸೊಸೆ ಬಂದ ದಿನವೇ ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆದು, ತವರಿನ ಹೆಸರನ್ನು ಬಿಡಿಸಿಬಿಡುವುದು ಆ ಮನೆಯ ಪದ್ಧತಿ. ಅದು ತಿಳಿದ ದಿನ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಈ ಹೆಸರು ನನಗೆ ಬೇಕೇ ಬೇಕು ಅನಿಸಿತು. ನಾನು ಹೇಳಬೇಕಾದದ್ದು ನಾಲ್ಕೇ ಶಬ್ದ: "ನನ್ನ ಹೆಸರು ನನಗ ಇರಲಿ." ಚೆಲುವಾದ ದನಿಯವಳಿಗೆ ಆ ನಾಲ್ಕು ಶಬ್ದ ಬಾಯಿಗೆ ಬರಲಿಲ್ಲ.

ಹೆಸರು ಬಂದಲ್ಲಿಂದ ಹಿಡಿದು ಹೆಸರು ಹೋಗುವ ದಿನದವರೆಗೆ ಆದದ್ದನ್ನು ಬರೆಯುತ್ತೇನೆ. ಬರೆಯಲು ದನಿ ಬೇಕಿಲ್ಲವಲ್ಲ.

ಅತ್ತೆಯ ಬೆನ್ನು

ನಮ್ಮಪ್ಪನದು ರೋಣದಲ್ಲಿ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ. ನಾನು ಹುಟ್ಟಿದಾಗ ಪಂಚಾಂಗ ನೋಡಿದವರು 'ಕ' ಅಕ್ಷರ ಬಂದಿದೆ ಎಂದರಂತೆ. ಮನೆಯವರೆಲ್ಲ ಕವಿತಾ ಎಂದರು. ಅಪ್ಪ ಒಪ್ಪಲಿಲ್ಲ. ಯಾಕೆಂದರೆ ಅದೇ ವಾರ ಒಂದು ಮದುವೆಯಲ್ಲಿ ಅಪ್ಪ ಮೈಕ್ ಹಿಡಿದು, "ಕವಿತಾ ಎಲ್ಲಿದ್ದರೂ ಊಟದ ಕೋಣಿಗೆ ಬರಬೇಕು" ಎಂದು ಕೂಗಿದ್ದಕ್ಕೆ ಆರು ಮಂದಿ ಬಂದು ನಿಂತಿದ್ದರಂತೆ.

"ನನ್ನ ಮಗಳ ಹೆಸರು ಮೈಕಿನ್ಯಾಗ ಕೂಗಿದ್ರ ಒಬ್ಬಾಕಿನ ಬರಬೇಕು" ಎಂದು ಅಪ್ಪ ಹಟ ಹಿಡಿದು, ನಮ್ಮ ಓಣಿಯ ಇಂಗ್ಲಿಷ್ ಮಾಸ್ತರರ ಮನೆಗೆ ಹೋದ. ಮಾಸ್ತರರು ದಪ್ಪನೆಯ ಪುಸ್ತಕ ತೆಗೆದು, 'ಕ'ದಿಂದ ಶುರುವಾಗುವ, ದನಿಗೆ ಸಂಬಂಧಪಟ್ಟ, ಮೂರು ತಾಲೂಕಿನಲ್ಲಿ ಯಾರಿಗೂ ಇರಲಾರದ ಹೆಸರು ಹುಡುಕಿಕೊಟ್ಟರು. "ಮೈಕಿನಂವನ ಮಗಳಿಗೆ ಇದಕ್ಕಿಂತ ಚಲೋ ಹೆಸರು ಎಲ್ಲೈತ್ರಿ!" ಎಂದು ಅಪ್ಪ ಅಲ್ಲಿಂದಲೇ ಪೇಢೆ ತರಲು ಹೋದ.

ತೊಟ್ಟಿಲಿಗೆ ಹಾಕುವ ದಿನ ಜಕ್ಕಲಿಯಿಂದ ಸೋದರತ್ತೆ ಬಂದಳು. ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಹೇಳುವಾಗ ಸುತ್ತ ನಿಂತ ಹೆಣ್ಣುಮಕ್ಕಳು ಅವಳ ಬೆನ್ನಿಗೆ ಗುದ್ದುವುದು ಅವರ ಹಕ್ಕು. ಹೆಸರು ಬಾಯಿಂದ ಪೂರಾ ಹೊರಬೀಳುವ ತನಕ ಗುದ್ದು ನಿಲ್ಲಬಾರದು. ಶಾಂತಾ, ಗೌರಿ ಎಂಬ ಹೆಸರಾದರೆ ಎರಡು ಗುದ್ದಿನಲ್ಲಿ ಮುಗಿಯುತ್ತದೆ.

ಅತ್ತೆ ಬಗ್ಗಿದಳು. "ಕುರ್ರ್... ಕ್ಯಾ..." ಎಂದಳು. ಮುಂದಿನದು ಮರೆಯಿತು. ಗುದ್ದು ಬಿದ್ದವು. ತಲೆಯೆತ್ತಿ ಅಪ್ಪನನ್ನು ಕೇಳಿದಳು. ಅಪ್ಪ ಹೇಳಿದ. ಮತ್ತೆ ಬಗ್ಗಿದಳು. "ಕುರ್ರ್... ಕ್ಯಾಲಿ..." ಮತ್ತೆ ಗುದ್ದು. ಮೂರನೆಯ ಸಲ ಅಪ್ಪ ಚೀಟಿಯಲ್ಲಿ ಬರೆದು ತೊಟ್ಟಿಲ ಮೇಲೆ ಹಿಡಿದ. ಓದಲು ಅತ್ತೆಗೆ ಚಾಳೀಸು ಬೇಕಾಯಿತು. ಚಾಳೀಸು ಜಕ್ಕಲಿಯಲ್ಲಿತ್ತು. ಗುದ್ದುವವರಿಗೆ ಇದಾವುದೂ ಸಂಬಂಧವಿರಲಿಲ್ಲ, ಅವರು ತಮ್ಮ ಕೆಲಸ ಚೊಕ್ಕಾಗಿ ಮಾಡುತ್ತಿದ್ದರು.

ಅಂತೂ ಐದನೆಯ ಸಲಕ್ಕೆ ಪೂರಾ ಹೆಸರು ಹೇಳಿ ಅತ್ತೆ ನೆಟ್ಟಗೆ ನಿಂತು, ಅಪ್ಪನಿಗೆ ಹೇಳಿದಳಂತೆ: "ತಮ್ಮಾ, ಮುಂದಿನ ಕೂಸಿಗೆ ಎಂಥಾ ಹೆಸರರೆ ಇಡು. ಎರಡು ಅಕ್ಷರಕ್ಕಿಂತ ಒಂದು ಹೆಚ್ಚಾದ್ರೂ ಬೆನ್ನು ನಿಂದು."

ಎರಡು ವರ್ಷದ ಮೇಲೆ ನನ್ನ ತಮ್ಮ ಹುಟ್ಟಿದ. ಅವನ ಹೆಸರು ರವಿ.

ಒಂಬತ್ತು ಹೆಣ್ಣು ಹೆತ್ತಾಕಿ

ನಮ್ಮಜ್ಜಿಗೆ ನನ್ನ ಹೆಸರಿನ ಉದ್ದದ ಚಿಂತೆ ಇರಲಿಲ್ಲ. ಅವಳು ಮೊದಲ ದಿನವೇ ಅದನ್ನು 'ಕ್ಯಾಲವ್ವ' ಮಾಡಿಕೊಂಡಿದ್ದಳು. ಅವಳ ಚಿಂತೆ ಬೇರೆ. ದೇವಿಯ ಹೆಸರಿಟ್ಟು ಆ ದೇವಿಗೆ ಏನೂ ಮಾಡದಿದ್ದರೆ ಹೇಗೆ? ನಾನು ಆರು ವರ್ಷದವಳಿದ್ದಾಗ ಒಂದು ಸಂಜೆ ಮಾಸ್ತರರನ್ನು ಕರೆಸಿ, ಚಹಾ ಕೊಟ್ಟು, ಎದುರಿಗೆ ಕೂತಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಮಾಸ್ತರ, ಈಕಿ ವಾರ ಯಾವುದ್ರಿ?"

"ಈ ದೇವಿಗೆ ವಾರ ಇಲ್ಲವಾ."

"ವಾರಿಲ್ಲದ ದೇವಿ ಎಲ್ಯರೆ ಇರ್ತಾಳೇನ್ರಿ? ಹೋಗ್ಲಿ, ನೈವೇದ್ಯಕ್ಕ ಏನು? ಹೋಳಿಗಿ ನಡೀತೈತೋ, ಕಡಬು ಬೇಕೋ?"

ಮಾಸ್ತರರು ನಲವತ್ತು ವರ್ಷ ಹುಡುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು. ಇಂಥ ಪರೀಕ್ಷೆಗೆ ಎಂದೂ ಕೂತಿರಲಿಲ್ಲ. "ಹೋಳಿಗಿ ನಡೀತೈತಿ" ಎಂದುಬಿಟ್ಟರು.

"ಮದುವಿ ಆಗೇತೇನು?"

"ಮಗಾ ಅದಾನ. ಅಂವಾ ಹಾಡಿದ್ರ ಗಿಡ, ಕಲ್ಲು ಸೈತ ಎದ್ದು ಬೆನ್ನು ಹತ್ತತಿದ್ದವು."

"ನಾ ಗಂಡನ್ನ ಕೇಳಿದೆ."

ಮಾಸ್ತರರು ಚಹಾ ಕುಡಿದರು. "ಒಬ್ಬರು ರಾಜ ಅಂತ ಬರದಾರ, ಇನ್ನೊಬ್ಬರು ದೇವರು ಅಂತ ಬರದಾರ."

ಅಜ್ಜಿ, "ಇರ್ಲಿ ಬಿಡ್ರಿ. ಮಗ ಚಲೋ ಹಾಡತಾನಲ್ಲ" ಎಂದು ಆ ವಿಷಯವನ್ನು ದೊಡ್ಡ ಮನಸ್ಸಿನಿಂದ ಅಲ್ಲಿಗೇ ಮುಚ್ಚಿದಳು. "ಒಡಹುಟ್ಟಿದವರು?"

"ಒಂಬತ್ತು ಮಂದಿ ಅಕ್ಕತಂಗೇರು. ಒಬ್ಬಾಕಿ ಕುಣಿಯೋದಕ್ಕ, ಒಬ್ಬಾಕಿ ಇತಿಹಾಸಕ್ಕ, ಹಿಂಗ ಒಬ್ಬೊಬ್ಬರು ಒಂದೊಂದು ವಿದ್ಯಾಕ್ಕ ದೇವಿ. ನಿಮ್ಮ ಮೊಮ್ಮಗಳ ಹೆಸರಿನಾಕಿ ಎಲ್ಲಾರಿಗಿಂತ ಹಿರಿಯಾಕಿ."

ಅಜ್ಜಿಗೆ ದೇವಿಯೇ ಮರೆತುಹೋದಳು. "ಒಂಬತ್ತೂ ಹೆಣ್ಣ! ಅಷ್ಟೂ ಹೆತ್ತಾಕಿ ಯಾರ್ರಿ ಮಾರಾಯ್ರ?"

"ಆಕಿನೂ ದೇವಿನ. ನೆನಪಿನ ದೇವಿ."

"ಮತ್ತ?" ಎಂದಳು ಅಜ್ಜಿ. "ಒಂಬತ್ತು ಹುಡುಗ್ಯಾರನ್ನ ಹೆಸರು ತಪ್ಪಲಾರದ ಕರೀಬೇಕಂದ್ರ ನೆನಪು ಬೇಕಲ್ಲ!"

ಮರುದಿನ ನಮ್ಮ ಮನೆಯಲ್ಲಿ ಹೋಳಿಗೆಯಾಯಿತು. ನೈವೇದ್ಯ ಹಿರಿಮಗಳಿಗಲ್ಲ, ಅವಳ ತಾಯಿಗೆ.

ಮೂರು ಮೈಕು

ನಾನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋದೆ. ಅಲ್ಲಿ ಈ ಹೆಸರಿಗೆ ಎಲ್ಲಿಲ್ಲದ ಮರ್ಯಾದೆ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ದೊಡ್ಡ ಮೇಡಮ್ಮರು ಹೆಸರಿನ ಅರ್ಥ ಓದಿಕೊಂಡು, ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಅತಿಥಿಗಳನ್ನು ಸ್ವಾಗತಿಸುವ ಕೆಲಸ ನನಗೇ ಎಂದು ಸಾರಿದರು. ನಾನು ಆಗುವುದಿಲ್ಲ ಎಂದೆ. ಎಂದಿನಂತೆ ಯಾರಿಗೂ ಕೇಳಿಸಲಿಲ್ಲ.

ಆ ದಿನ ಮೈಕ್ ಸೆಟ್ ನಮ್ಮಪ್ಪನದೇ. ನಾನು ವೇದಿಕೆಗೆ ಹೋಗಿ ಮೈಕಿನ ಮುಂದೆ ನಿಂತೆ. ಎದುರಿಗೆ ಐದುನೂರು ಮಂದಿ. ಬಾಯಿ ತೆರೆದೆ. ತುಟಿ ಅಲುಗಾಡಿದವು, ದನಿ ಬರಲಿಲ್ಲ. "ಕೇಳವಲ್ದೂ!" ಎಂದು ಹಿಂದಿನಿಂದ ಒಬ್ಬರು ಕೂಗಿದರು.

ಅಪ್ಪ ಓಡಿಬಂದ. "ಹಲೋ, ಹಲೋ, ಚೆಕ್, ಚೆಕ್" ಎಂದ. ಅವನ ದನಿ ಬಸ್ ಸ್ಟ್ಯಾಂಡಿನ ತನಕ ಕೇಳಿತು. ನನ್ನ ಮುಖ ನೋಡಿದ. ಅವನಿಗೆ ಎಲ್ಲ ತಿಳಿಯಿತು. ಆದರೂ ಮೈಕ್ ಬಿಚ್ಚಿ ಇನ್ನೊಂದು ಹಾಕಿದ. ನಾನು ಮತ್ತೆ ತುಟಿ ಅಲುಗಾಡಿಸಿದೆ. ಮತ್ತೆ ಬಿಚ್ಚಿದ, ಮೂರನೆಯದು ಹಾಕಿದ. ಅದೂ ಆಯಿತು. ಆಗ ಅಪ್ಪ ತಾನೇ ಮೈಕ್ ಹಿಡಿದು ಊರಿನ ಮುಂದೆ ಹೇಳಿದ: "ಕ್ಷಮಿಸಬೇಕ್ರಿ, ಸೆಟ್ಟಿನ್ಯಾಗ ದೋಷ ಐತಿ. ಹುಡುಗಿ ಸ್ವಾಗತ ಮಾಡ್ಯಾಳ, ನಿಮಗ ಮುಟ್ಟಿಲ್ಲ ಅಷ್ಟ."

ಆ ಸೀಸನ್ನಿನಲ್ಲಿ ಎರಡು ಮದುವೆಯವರು ಕೆಟ್ಟ ಸೆಟ್ ಬೇಡವೆಂದು ಬೇರೆಯವರ ಕಡೆ ಹೋದರು. ಅಪ್ಪ ಒಂದು ದಿನವೂ ಅದನ್ನು ನನ್ನ ಮುಂದೆ ಆಡಲಿಲ್ಲ. ಆದರೆ ಅಂದು ರಾತ್ರಿ ಊಟಕ್ಕೆ ಕೂತಾಗ ಮಾತ್ರ ಬಹಳ ಗಂಭೀರವಾಗಿ ಒಂದು ಮಾತು ಕೇಳಿದ:

"ಯವ್ವಾ, ಮೂರು ಬದಲಿ ಮಾಡಿದೆ. ನಾಲ್ಕನೇದು ಅಂಗಡ್ಯಾಗ ಇತ್ತು. ತಂದಿದ್ರ ಮಾತಾಡ್ತಿದ್ದೇನು?"

ಕೇಳಿಸದ ಹಾಡು

ನರಗುಂದದವರು ಕನ್ಯೆ ನೋಡಲು ಬಂದರು. ಹುಡುಗ, ಅವನ ಅಪ್ಪ, ಅವ್ವ, ಅಪ್ಪನ ತಂಗಿ, ಮತ್ತೆ ಹುಡುಗನ ಅಜ್ಜ. ಅಜ್ಜನಿಗೆ ಕಿವಿ ಕೇಳಿಸುವುದು ನಿಂತು ಬಹಳ ವರ್ಷವಾಗಿತ್ತು, ಅದು ನಮಗಿನ್ನೂ ಗೊತ್ತಿರಲಿಲ್ಲ. ಸಂಬಂಧ ತಂದವರು ಯಾವಗಲ್ ಊರಿನ ನಮ್ಮ ದೊಡ್ಡಪ್ಪ. ಅವರು ಉತ್ಸಾಹದಲ್ಲಿ, "ಹುಡುಗಿ ಹೆಸರಿನ ಅರ್ಥನ ಇಂಪಾದ ದನಿ ಅಂತ್ರಿ!" ಎಂದುಬಿಟ್ಟರು.

"ಹಂಗಾರ ಒಂದು ಹಾಡು ಹೇಳವಾ" ಎಂದಳು ಹುಡುಗನ ಸೋದರತ್ತೆ.

ನಾನು ಚಾಪೆಯ ಮೇಲೆ ಕೂತು ತಲೆ ತಗ್ಗಿಸಿದೆ. ತುಟಿ ಅಲುಗಾಡಿದ್ದು ನಿಜ. ಫ್ಯಾನಿನ ಸಪ್ಪಳ ಬಿಟ್ಟರೆ ಏನೂ ಇಲ್ಲ. ಇನ್ನು ಈ ಸಂಬಂಧ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ, ನನ್ನ ತುಟಿಗಳನ್ನೇ ನೋಡುತ್ತ ಕೂತಿದ್ದ ಅಜ್ಜ ತೊಡೆ ತಟ್ಟಿ ತಲೆದೂಗಿದರು:

"ಶಭಾಷ್! ಎಷ್ಟು ಚಲೋ ಹಾಡಿದಿಯವಾ! ಇಂಥಾ ದನಿ ಕೇಳಿ ಭಾಳ ದಿನ ಆಗಿತ್ತು."

ಹುಡುಗ ನಕ್ಕುಬಿಟ್ಟ. ಅವನ ಅವ್ವ ನಕ್ಕಳು. ನಾನೂ ನಕ್ಕೆ, ಅದು ಮಾತ್ರ ಎಲ್ಲರಿಗೂ ಕೇಳಿಸಿತಂತೆ. ಸಂಬಂಧ ಅಲ್ಲೇ ಗಟ್ಟಿಯಾಯಿತು.

ಹೊರಡುವಾಗ ಹುಡುಗನ ಸೋದರತ್ತೆ ಚಪ್ಪಲಿ ಮೆಟ್ಟುತ್ತ, "ಹೆಸರಿನ ಚಿಂತಿ ಬ್ಯಾಡ. ಹ್ಯಾಂಗೂ ಬದಲಿ ಮಾಡೋದೈತಿ. ಕಲಾವತಿ ಅಂತ ಇಡೂಣು" ಎಂದಳು. ನನ್ನ ನಗೆ ಅಲ್ಲೇ ನಿಂತಿತು.

ಎರಡು ದಿನದ ಮೇಲೆ ಹುಡುಗ ಫೋನ್ ಮಾಡಿದ. "ಹೆಸರು ಬದಲಿ ಮಾಡೋದು ನಿನಗ ಮನಸಿಲ್ಲಂದ್ರ ಹೇಳು, ನಾ ಅವ್ವಗ ಹೇಳತೇನಿ" ಎಂದ. ಎಷ್ಟು ಒಳ್ಳೆಯ ಮಾತು! ನಾನು ಮನಸ್ಸಿನಲ್ಲಿ ನಾಲ್ಕೂ ಶಬ್ದ ಜೋಡಿಸಿಕೊಂಡು, ಉಸಿರು ತೆಗೆದುಕೊಂಡು, "ಹೂಂ" ಎಂದೆ.

"ಹೂಂ ಅಂದ್ರ? ಮನಸೈತೋ, ಇಲ್ಲೋ?"

"ಹೂಂ."

"ಒಂದ ಕೆಲಸ ಮಾಡು. ನಮ್ಮಜ್ಜಗ ಫೋನ್ ಕೊಡತೇನಿ. ಅಂವಗ ನಿನ್ನ ಮಾತೆಲ್ಲಾ ತಿಳಿತಾವು."

ಮುಚ್ಚಿದ ತೋಳು

ನಾನು ಆಗ ಗಜೇಂದ್ರಗಡದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬುವ ಕೆಲಸ ಮಾಡುತ್ತಿದ್ದೆ. ಪಕ್ಕದಲ್ಲಿ ಬಟ್ಟೆ ಹೊಲಿಯುವ ಚಾಚಿಯ ಅಂಗಡಿ. ಮದುವೆಯ ಸೀರೆಗೆ ಜಂಪರು ಹೊಲಿಯಲು ಕೊಟ್ಟದ್ದು ಅವಳಿಗೇ. ಅಳತೆ ತೆಗೆಯುವಾಗ ನನ್ನ ಕಣ್ಣಲ್ಲಿ ನೀರು ನೋಡಿ ಎಲ್ಲ ಬಾಯಿ ಬಿಡಿಸಿದಳು.

"ಇಷ್ಟಕ್ಕ ಅಳತಿ ಏನು ಬೇಟಿ? ನಾ ನಿನ್ನ ಅತ್ತಿ ಅಂತ ತಿಳಕೋ. ನನ್ನ ಮುಂದ ಹೇಳಿ ರೂಢಿ ಮಾಡು. ನಡಿ."

ಮಶಿನ್ನಿನಲ್ಲಿ ಒಬ್ಬ ಹೆಣ್ಣುಮಗಳ ಜಂಪರು ಅರ್ಧ ಹೊಲಿದದ್ದಿತ್ತು. ಅವಳು ಅದಕ್ಕಾಗಿ ಕಟ್ಟೆಯ ಮೇಲೆ ಕಾದು ಕೂತಿದ್ದಳು. ಚಾಚಿ ಮಶಿನ್ ತುಳಿಯುತ್ತಲೇ ಅತ್ತೆಯಾದಳು. ಆದದ್ದು ಎಂಥ ಅತ್ತೆ!

"ಏನ? ಹೆಸರು ಬದಲಿ ಬ್ಯಾಡೇನು? ಈ ಮನ್ಯಾಗ ನಾ ಅಂದದ್ದ ಆಗೂದು! ನಿನಕಿಂತ ಮೊದಲ ಬಂದಾಕಿ ನಾನು!"

ನಾನು ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಂಡೆ.

"ಬಾಯಾಗ ಏನು ಕಡಬು ಐತೇನು? ಮಾತಾಡು! ನಿಮ್ಮವ್ವ ಇದನ್ನ ಕಲಿಸ್ಯಾಳೇನು?"

ನಾನು ನಿಜವಾಗಿಯೇ ಅತ್ತುಬಿಟ್ಟೆ. ಕಟ್ಟೆಯ ಮೇಲಿನವಳಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಚಾಚಿಯ ಮುಂದೆ ಕೈಮುಗಿದಳು. "ಹೋಗ್ಲಿ ಬಿಡ್ರಿ ಚಾಚಿ. ಪಾಪ, ಅವರಪ್ಪ ಪ್ರೀತಿಲೆ ಇಟ್ಟ ಹೆಸರು. ಇರಲಿ ಬಿಡ್ರಿ."

ಚಾಚಿ ಮಶಿನ್ ನಿಲ್ಲಿಸದೆ, "ಆತು, ಇಟ್ಟುಕೋ ಹೋಗು!" ಎಂದಳು. ಆಮೇಲೆ ನನ್ನ ಕಡೆ ತಿರುಗಿ ತನ್ನ ದನಿಯಲ್ಲಿ ಹೇಳಿದಳು: "ನೋಡಿದೇನು? ನೀ ಸುಮ್ಮ ಕುಂತಿ, ಈಕಿ ಗೆದ್ದು ಕೊಟ್ಲು. ನರಗುಂದಕ್ಕ ಈಕಿನ್ನ ಹ್ಯಾಂಗ ಕರಕೊಂಡು ಹೋಗ್ತಿ?"

ಕಟ್ಟೆಯ ಮೇಲಿನವಳು ಅದಕ್ಕೆ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ತನ್ನ ಜಂಪರು ಎತ್ತಿ ಹಿಡಿದು ನೋಡುತ್ತಿದ್ದಳು. ಆ ಸಿಟ್ಟಿನಲ್ಲಿ ಚಾಚಿ ಒಂದು ತೋಳಿನ ಬಾಯಿಯನ್ನೇ ಹೊಲಿದು ಮುಚ್ಚಿಬಿಟ್ಟಿದ್ದಳು.

ಅಕ್ಕಿಯ ತಾಟು

ಮದುವೆಯಾಯಿತು. ಸಂಜೆ ನರಗುಂದದ ಮನೆಯಲ್ಲಿ ಅಕ್ಕಿಯ ತಾಟು ತಂದಿಟ್ಟರು. ಓಣಿಯ ಹೆಣ್ಣುಮಕ್ಕಳೆಲ್ಲ ಸುತ್ತ ನೆರೆದರು. ಗಂಡನ ಕೈಗೆ ಉಂಗುರ ಕೊಟ್ಟು, ಅವನ ಸೋದರತ್ತೆ, "ಕಲಾವತಿ ಅಂತ ಬರಿ" ಎಂದಳು.

ಗಂಡ ಉಂಗುರ ಹಿಡಿದು ನನ್ನ ಮುಖ ನೋಡಿದ. "ಬರೀಲೇನು?" ಎಂದ. ನಾನು ಹೂಂ ಎನ್ನಲಿಲ್ಲ. ಅಷ್ಟರಮಟ್ಟಿಗೆ ಸುಧಾರಿಸಿದ್ದೆ. ಆದರೆ ನಾಲ್ಕು ಶಬ್ದಗಳು ಗಂಟಲಲ್ಲೇ ಇದ್ದವು.

ನಾನು ಸೆರಗಿನ ತುದಿ ಹಿಂಡುವುದನ್ನು ಅತ್ತೆ, ಅಂದರೆ ಗಂಡನ ಅವ್ವ, ನೋಡಿದರು. ಮೆಲ್ಲಗೆ ನನ್ನ ಬೆನ್ನು ಸವರಿ, "ಅಂಜಬ್ಯಾಡವಾ. ನಂದೂ ಹಿಂಗ ಬದಲಿ ಮಾಡಿದ್ರು. ಸುಲೋಚನಾ ಅಂತ ಇಟ್ರು. ಎಂಟು ದಿನದಾಗ ರೂಢಿ ಆತು" ಎಂದರು.

ಆಗ ನನ್ನ ಬಾಯಿಂದ ಒಂದು ಮಾತು ಬಂದಿತು. ನಾನು ಜೋಡಿಸಿಟ್ಟುಕೊಂಡ ಮಾತಲ್ಲ. ಅದು ಬೇರೆಯೇ. ಮತ್ತು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಬಂದಿತು.

"ಅತ್ತಿ, ನಿಮ್ಮ ಮೊದಲಿನ ಹೆಸರು ಏನಿತ್ರಿ?"

ಅತ್ತೆ ನಕ್ಕು, ಕುರ್ಚಿಯಲ್ಲಿ ಕೂತಿದ್ದ ಮಾವನವರ ಕಡೆ ತಿರುಗಿದರು. "ಅವರನ್ನ ಕೇಳು. ಬದಲಿ ಮಾಡಿದವರು ಅವರ ಅಲ್ಲೇನು?"

ಮಾವನವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಅದು... ಶ ಇಂದ ಏನೋ ಇತ್ತಲ್ಲ... ಶಾಂತವ್ವ?"

"ಅಲ್ಲ."

"ಶಾರದವ್ವ!"

"ಆಕಿ ನನ್ನ ತಂಗಿ."

ಕೋಣೆ ತುಂಬ ನಗೆ. "ತಂಗಿ ಹೆಸರು ನೆನಪೈತಿ ನೋಡ್ರೇ!" ಎಂದು ಓಣಿಯವಳೊಬ್ಬಳು ಬಾಯಿಗೆ ಸೆರಗು ಹಿಡಿದಳು. ಮಾವನವರು ಕಿವಿಯ ತನಕ ಕೆಂಪಾಗಿ, "ನಾ ಎಲ್ಲಿ ಹೆಸರು ಹಿಡದು ಕರದೇನಿ? 'ಇಕಿನ' ಅಂತೇನಿ, ಬರ್ತಾಳ" ಎಂದರು.

"ಫಕೀರವ್ವ" ಎಂದರು ಅತ್ತೆ. ದನಿ ಸಣ್ಣಗಾಗಿತ್ತು, ನನ್ನದರಷ್ಟೇ. "ನಮ್ಮವ್ವ ಹರಕಿ ಹೊತ್ತು ಇಟ್ಟಿದ್ಲು. ಇದು ಹಳ್ಳಿ ಹೆಸರು, ಊರಾಗ ನಡಿಯೂದಿಲ್ಲ ಅಂದ್ರು. ಮೂವತ್ತು ವರ್ಷ ಆತು, ಕೇಳಿದಾಕಿ ಇವತ್ತ ಈ ಹುಡುಗಿ ಒಬ್ಬಾಕಿನ."

ಆಮೇಲೆ ಮಗನ ಮುಂದೆ ಕೈ ಚಾಚಿದರು. "ಉಂಗುರಾ ಕೊಡಿಲ್ಲಿ."

ಇಸಿದುಕೊಂಡು, ತಾಟನ್ನು ತಮ್ಮ ಕಡೆ ಎಳೆದು, ಒಂದೊಂದೇ ಅಕ್ಷರ ತಿದ್ದಿ ಬರೆದರು. ಫಕೀರವ್ವ.

"ಅಯ್ಯ ವೈನೀ!" ಎಂದು ಸೋದರತ್ತೆ ಎದ್ದು ನಿಂತಳು. "ಬರೀಬೇಕಾದ್ದು ಸೊಸಿ ಹೆಸರು!"

"ಪದ್ಧತಿ ಏನು? ಸೊಸಿ ಬಂದ ದಿನ ಮನ್ಯಾಗ ಒಂದು ಹೆಸರು ಬದಲಿ ಆಗಬೇಕು. ಆತಲ್ಲ? ಈಕಿಂದು ಇದ್ದಂಗ ಇರಲಿ." ಅಷ್ಟು ಹೇಳಿ ಅತ್ತೆ ಮಾವನವರ ಕಡೆ ನೋಡಿದರು. "ಹೆಸರು ಬರದ ಮ್ಯಾಲ ಒಡಪು ಹಾಕಿ ಹೇಳೋದು ಗಂಡನ ಪಾಳಿ. ಹೇಳ್ರಿ."

ಪ್ರಾಸ ಕಟ್ಟಿ, ಅದರಲ್ಲಿ ಹೆಂಡತಿಯ ಹೆಸರು ಸೇರಿಸಿ, ನಾಲ್ಕು ಮಂದಿಯ ಮುಂದೆ ಹೇಳಬೇಕು. ಅದೇ ಒಡಪು. ಮಾವನವರು ನೆಲ ನೋಡಿದರು, ತೊಲೆ ನೋಡಿದರು, ಬಾಗಿಲು ನೋಡಿದರು. ಬಾಗಿಲಲ್ಲಿ ಹೆಣ್ಣುಮಕ್ಕಳು ತುಂಬಿದ್ದರಿಂದ ಓಡಿಹೋಗುವಂತಿರಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು ಹೇಳಿದರು:

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ,
ಫಕೀರವ್ವನ ಹೆಸರು ಮರತಂವಗ ಇಲ್ಲ ಬುದ್ಧಿ."

ಮರುದಿನ ಮುಂಜಾನೆ ನಾನೂ ಅತ್ತೆಯೂ ಅಡಿಗೆಮನೆಯಲ್ಲಿದ್ದೆವು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಪಡಸಾಲೆಯಿಂದ ಮಾವನವರ ದನಿ ಬಂತು. "ಇಕಿನ, ಚಹಾ."

ಅತ್ತೆ ಅಲುಗಾಡಲಿಲ್ಲ. ನನಗೂ ಅಲುಗಾಡಬೇಡವೆಂದು ಕಣ್ಣಲ್ಲೇ ಹೇಳಿದರು.

"ಸುಲೋಚನಾ! ಚಹಾ!" ಮೂವತ್ತು ವರ್ಷದಲ್ಲಿ ಮಾವನವರು ಅತ್ತೆಯನ್ನು ಆ ಹೆಸರಿನಿಂದ ಕರೆದದ್ದು ಅದೇ ಮೊದಲಂತೆ.

ಅತ್ತೆ ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ಮುಖ ಮಾಡಿ, ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದರು:

"ಆಕಿ ನಿನ್ನೆ ಸಂಜಿನ ಹೋದ್ಲ್ರಿ. ಚಹಾ ಬೇಕಾದ್ರ ಇದ್ದಾಕಿನ್ನ ಕರೀರಿ!"